ಆಟಕ್ಕುಂಟು, ಲೆಕ್ಕಕ್ಕಿಲ್ಲ

2022ರ ಅಕ್ಟೋಬರ್ 3, ಸೋಮವಾರ ರಾತ್ರಿ. ಟೋಕಿಯೋದ ಜಿಂಗು ಮೈದಾನದಲ್ಲಿ ಕೂತಿದ್ದೆ. ನನಗೆ ಬೇಸ್‌ಬಾಲ್ ಹುಚ್ಚೇನೂ ಇರಲಿಲ್ಲ. ಆಫೀಸಿನ ಹಿರಿಯರೊಬ್ಬರ ಹತ್ತಿರ ಎರಡು ಟಿಕೆಟ್ ಇತ್ತು, ಅವರ ಹೆಂಡತಿಗೆ ಜ್ವರ ಬಂದಿತ್ತು, ನಾನು ಖಾಲಿ ಇದ್ದೆ, ಅಷ್ಟೇ. ಅವರು ಯಾಕುಲ್ಟ್ ಸ್ವಾಲೋಸ್ ತಂಡದ ಕಟ್ಟಾ ಅಭಿಮಾನಿ. ಈ ತಂಡದವರು ರನ್ ಹೊಡೆದಾಗ ಅಭಿಮಾನಿಗಳೆಲ್ಲ ಪುಟ್ಟ ಪುಟ್ಟ ಪ್ಲಾಸ್ಟಿಕ್ ಕೊಡೆ ಬಿಚ್ಚಿ, ಹಾಡು ಹಾಕಿಕೊಂಡು ಮೇಲೆ ಕೆಳಗೆ ಆಡಿಸುತ್ತಾರೆ. ನನ್ನ ಕೈಗೂ ಒಂದು ಹಸಿರು ಕೊಡೆ ಕೊಟ್ಟಿದ್ದರು. ಕೊರೋನಾದ ನಿಯಮ ಇನ್ನೂ ಪೂರ್ತಿ ಹೋಗಿರಲಿಲ್ಲ. ಎಲ್ಲರ ಬಾಯಿಗೂ ಮಾಸ್ಕ್, ಕೂಗುವ ಹಾಗಿಲ್ಲ, ಚಪ್ಪಾಳೆ ಮಾತ್ರ. ಅಷ್ಟು ಜನ ಸೇರಿಯೂ ಬಾಯಿ ಮುಚ್ಚಿಕೊಂಡಿರುವ ಮೈದಾನವನ್ನು ನಾನು ಅದೇ ಮೊದಲು ನೋಡಿದ್ದು.

ಅವತ್ತು ಎಲ್ಲರೂ ಕಾಯುತ್ತಿದ್ದದ್ದು ಒಬ್ಬನಿಗಾಗಿ. ಮುನೆತಾಕ ಮುರಕಾಮಿ, 22 ವರ್ಷದ ಹುಡುಗ. ಸೆಪ್ಟೆಂಬರ್ 13ಕ್ಕೆ ಆ ಸೀಸನ್ನಿನ 55ನೇ ಹೋಮ್ ರನ್ ಹೊಡೆದಿದ್ದ. ನಮ್ಮ ಸಿಕ್ಸರಿನ ಹಾಗೆ ಚೆಂಡು ಬೇಲಿ ದಾಟಿದರೆ ಹೋಮ್ ರನ್. ಅಲ್ಲಿಂದ ಮೂರು ವಾರ ಒಂದೂ ಇಲ್ಲ. ಇದು ಕೊನೆಯ ಪಂದ್ಯ. ಏಳನೇ ಇನಿಂಗ್ಸ್‌ನಲ್ಲಿ ಬಂದ, ಚೆಂಡು ಬಲಗಡೆ ಸ್ಟ್ಯಾಂಡಿಗೆ ಹೋಗಿ ಬಿತ್ತು. 56. ನಿಯಮ ಗಿಯಮ ಎಲ್ಲ ಮರೆತು ಜನ ಕೂಗಿದರು. ನಾನೂ ಕೊಡೆ ಬಿಚ್ಚಿದೆ. ಪಕ್ಕದಲ್ಲಿ ನಮ್ಮ ಹಿರಿಯರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಾ ಹೇಳಿದರು, "ಓ ಸಾನ್ ಅವರ 55 ದಾಟಿತು. ಕೊನೆಗೂ ಒಬ್ಬ ಜಪಾನಿನವನೇ ದಾಟಿದ." ಓ ಸಾನ್ ಅಂದರೆ ಸದಾಹರು ಓ, 1964ರಲ್ಲಿ ಒಂದೇ ಸೀಸನ್ನಿನಲ್ಲಿ 55 ಹೋಮ್ ರನ್ ಹೊಡೆದವರು. ಸಾನ್ ಅನ್ನುವುದು ಹೆಸರಿಗೆ ಸೇರಿಸುವ ಗೌರವದ ಪದ.

ಸುಮ್ಮನಿರಬಹುದಿತ್ತು. ಆದರೆ ಬರುವ ಮೊದಲು ಟ್ರೈನಿನಲ್ಲಿ ಮೊಬೈಲ್ ನೋಡಿ ಸ್ವಲ್ಪ ಓದಿಕೊಂಡಿದ್ದೆ, ಹೊಸದಾಗಿ ಓದಿದವನ ಚಪಲ. ಕೇಳಿದೆ, "2013ರಲ್ಲಿ ಬ್ಯಾಲೆಂಟೀನ್ 60 ಹೊಡೆದಿದ್ದರಲ್ಲ? ಇದೇ ತಂಡ, ಇದೇ ಮೈದಾನ?" ಅವರು ನಕ್ಕರು. "ಹೌದು ಹೌದು. ಅದು ಬೇರೆ." ಬ್ಯಾಲೆಂಟೀನ್ ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದವರು, ಹಾಗಾಗಿ ಬೇರೆ. ಅಲ್ಲಿಗೆ ಬಿಡಲಿಲ್ಲ ನಾನು. "ಆದ್ರೆ ಓ ಸಾನ್ ಪಾಸ್‌ಪೋರ್ಟೂ ಜಪಾನಿನದ್ದಲ್ಲ ಅಲ್ವಾ?" ಅವರು ಕನ್ನಡಕ ಹಾಕಿಕೊಂಡರು. ಕೊಡೆ ಮಡಚಿದರು. ಸ್ವಲ್ಪ ಹೊತ್ತು ಬಿಟ್ಟು, ಸಿಟ್ಟೇನೂ ಇಲ್ಲದ ದನಿಯಲ್ಲಿ, "ಓ ಸಾನ್ ಅಂದ್ರೆ ಓ ಸಾನ್, ಅಷ್ಟೇ" ಅಂದರು.

ಮಾರನೇ ದಿನ ಪತ್ರಿಕೆಗಳಲ್ಲಿ ಈ ದಾಖಲೆಯನ್ನು ಬರೆದ ರೀತಿ ನೋಡಿದರೆ ಪದ ಹುಡುಕಲು ಅವರೂ ಒದ್ದಾಡಿದ್ದಾರೆ ಅನ್ನಿಸಿತು. ಜಪಾನೀ ಪ್ರಜೆ ಅನ್ನುವ ಹಾಗಿಲ್ಲ, ಓ ಹೊರಗೆ ಬೀಳುತ್ತಾರೆ. ಎಲ್ಲರಲ್ಲೂ ಹೆಚ್ಚು ಅನ್ನುವ ಹಾಗಿಲ್ಲ, ಬ್ಯಾಲೆಂಟೀನ್ ಒಳಗೆ ಬರುತ್ತಾರೆ. ಕೊನೆಗೆ ಕೆಲವರು 'ಜಪಾನ್ ಆಟಗಾರರಲ್ಲಿ', ಕೆಲವರು 'ಜಪಾನಿನಲ್ಲಿ ಹುಟ್ಟಿದವರಲ್ಲಿ' ಅಂತ ಬರೆದರು. ಓ ಒಳಗೆ ಇರಬೇಕು, ಇನ್ನೊಬ್ಬ ಹೊರಗೆ ಇರಬೇಕು, ಹಾಗೆ ಅಳತೆ ಕೊಟ್ಟು ಹೊಲಿಸಿದ ಪದ.

ನನಗೆ ಆಗ ನೆನಪಾದದ್ದು ನಮ್ಮೂರ ಗದ್ದೆ. ನಾನು ಹುಟ್ಟಿ ಬೆಳೆದದ್ದು ಮುಂಬೈನ ಘಾಟ್ಕೋಪರಿನಲ್ಲಿ. ಅಪ್ಪಯ್ಯನದು ಹೋಟೆಲು, ಇಡ್ಲಿ ವಡೆ ದೋಸೆ. ಬೇಸಿಗೆ ರಜೆಗೆ ಕುಂದಾಪುರದ ಹತ್ತಿರ ಅಜ್ಜಿಮನೆಗೆ ಹೋಗುತ್ತಿದ್ದೆವು. ಕೊಯ್ಲಾದ ಗದ್ದೆಯಲ್ಲಿ ಕ್ರಿಕೆಟ್. ತೆಂಗಿನ ಹೆಡೆಮಂಡೆಯ ಬ್ಯಾಟು. ಮೊದಲ ದಿನವೇ ನಿಯಮ ಹೇಳಿಬಿಡುತ್ತಿದ್ದರು: ಬೊಂಬಾಯಿಯವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅಂದರೆ ನಾನು ಫೀಲ್ಡಿಂಗ್ ಮಾಡಬೇಕು, ಗದ್ದೆ ಅಂಚಿನ ತೋಡಿಗೆ ಬಿದ್ದ ಚೆಂಡು ಹೆಕ್ಕಿ ತರಬೇಕು, ಬ್ಯಾಟೂ ಸಿಗುತ್ತದೆ, ಆದರೆ ಹೊಡೆದ ರನ್ ತಂಡಕ್ಕೆ ಸೇರುವುದಿಲ್ಲ. ವಾಪಸ್ ಘಾಟ್ಕೋಪರಿಗೆ ಹೋದರೆ ಅಲ್ಲಿ ನಾವು 'ಅಣ್ಣಾ ಲೋಗ್'. ಇದೊಂದು ದೊಡ್ಡ ದುಃಖ ಅಂತ ಹೇಳುತ್ತಿಲ್ಲ. ಚಿಕ್ಕ ಮಕ್ಕಳಿಗೂ ಅದೇ ನಿಯಮ, ನಾನೂ ದೊಡ್ಡವನಾದ ಮೇಲೆ ಬೇರೆ ಹುಡುಗರಿಗೆ ಅದನ್ನೇ ಹೇಳಿದ್ದೇನೆ. ಆದರೆ ಆ ಮಾತಿನ ರುಚಿ ಗೊತ್ತಿದ್ದವನಿಗೆ 60 ಅನ್ನುವ ಸಂಖ್ಯೆ ಬೇರೆ ಥರ ಕಾಣುತ್ತದೆ. 55 ಅನ್ನುವ ಸಂಖ್ಯೆಯೂ.

ಒಂದಕ್ಷರದ ಹೆಸರು

ಸದಾಹರು ಓ. ಮನೆಹೆಸರು ಒಂದೇ ಅಕ್ಷರ. ಕನ್ನಡದಲ್ಲಿ ಬರೆದರೆ ಯಾರೋ ಕರೆದದ್ದಕ್ಕೆ ಓಗೊಟ್ಟ ಹಾಗೆ ಕಾಣುತ್ತದೆ. ಚೀನೀ ಲಿಪಿಯಲ್ಲಿ ಅದು ರಾಜ ಅನ್ನುವ ಅಕ್ಷರ. ಚೀನಾದಲ್ಲಿ ವಾಂಗ್ ಅಂತ ಓದುತ್ತಾರೆ, ಜಪಾನಿನಲ್ಲಿ ಓ ಅಂತ. ಹುಟ್ಟಿದ್ದು 1940ರಲ್ಲಿ, ಟೋಕಿಯೋದ ಸುಮಿದಾ ಕಡೆ. ಅಪ್ಪ ಚೀನಾದ ಝೆಜಿಯಾಂಗ್ ಪ್ರಾಂತ್ಯದಿಂದ ಬಂದವರು, ತಾಯಿ ಜಪಾನಿನವರು. ಇಬ್ಬರೂ ಸೇರಿ ನಡೆಸುತ್ತಿದ್ದದ್ದು ಚೀನೀ ಅಡುಗೆಯ ಒಂದು ಚಿಕ್ಕ ಹೋಟೆಲು. ಅವಳಿಯಾಗಿ ಹುಟ್ಟಿದ ತಂಗಿ ಶಿಶುವಾಗಿದ್ದಾಗಲೇ ತೀರಿಕೊಂಡಳು. ಇವರೂ ಬಡಕಲು ಮಗು, ನಡೆಯಲು ಕಲಿತದ್ದೇ ತಡವಾಗಿ.

ಅಪ್ಪನಿಗೆ ಇದ್ದ ಆಸೆ ಕೇಳಿದರೆ ನಮ್ಮ ಕಡೆಯ ಯಾವ ಅಪ್ಪನಿಗೂ ನಗು ಬರಬೇಕು. ದೊಡ್ಡ ಮಗ ಡಾಕ್ಟರ್ ಆಗಬೇಕು, ಚಿಕ್ಕವನು ಇಂಜಿನಿಯರ್ ಆಗಬೇಕು. ಇಬ್ಬರೂ ಊರಿಗೆ, ಅಂದರೆ ಚೀನಾದ ಆ ಹಳ್ಳಿಗೆ ವಾಪಸ್ ಹೋಗಿ ಜನಕ್ಕೆ ಉಪಯೋಗವಾಗಬೇಕು. ದೊಡ್ಡವರು ಡಾಕ್ಟರ್ ಆದರು. ಚಿಕ್ಕವರು ಬ್ಯಾಟ್ ಹಿಡಿದರು. ಪರದೇಶದಲ್ಲಿ ಹೋಟೆಲ್ ಇಟ್ಟವನಿಗೆ ಗಲ್ಲಾ ಇಲ್ಲಿದ್ದರೂ ಲೆಕ್ಕ ಊರಿನದ್ದೇ. ನಮ್ಮಪ್ಪಯ್ಯ ಇಪ್ಪತ್ತೈದು ವರ್ಷ 'ಮುಂದಿನ ವರ್ಷ ಊರಿಗೆ' ಅನ್ನುತ್ತಲೇ ಇದ್ದರು.

ಹೈಸ್ಕೂಲಿನಲ್ಲಿ ಓ ಪಿಚರ್, ಅಂದರೆ ಬ್ಯಾಟರಿಗೆ ಚೆಂಡು ಎಸೆಯುವವನು. ವಾಸೆದಾ ಜಿತ್ಸುಗ್ಯೋ ಅನ್ನುವ ಶಾಲೆ. ಜಪಾನಿನಲ್ಲಿ ಹೈಸ್ಕೂಲ್ ಬೇಸ್‌ಬಾಲ್ ಅಂದರೆ ಕೋಶಿಯೆನ್, ವರ್ಷಕ್ಕೆರಡು ಸಲ ಇಡೀ ದೇಶ ಟಿವಿ ಮುಂದೆ ಕೂರುವ ಹಬ್ಬ. 1957ರ ವಸಂತದ ಕೋಶಿಯೆನ್ ಅನ್ನು ಈ ಹುಡುಗ ಚೆಂಡೆಸೆಯುವ ಕೈಬೆರಳಲ್ಲಿ ಗುಳ್ಳೆ ಒಡೆದು ರಕ್ತ ಬರುತ್ತಿದ್ದರೂ ಎಸೆದು ಗೆಲ್ಲಿಸಿದ. ಹೋಟೆಲಿನ ಅಪ್ಪ ಚೀನೀ ಮನೆಮದ್ದು ಹಿಡಿದುಕೊಂಡು ಟೋಕಿಯೋದಿಂದ ಅಷ್ಟು ದೂರ ಬಂದು ಬೆರಳಿಗೆ ಹಚ್ಚಿ ಹೋದರು. ಆ ಬೇಸಿಗೆಯ ಕೋಶಿಯೆನ್‌ನಲ್ಲಿ 11 ಇನಿಂಗ್ಸ್ ಎಸೆದು ಎದುರಾಳಿಗೆ ಒಂದು ಹಿಟ್, ಅಂದರೆ ಹೊಡೆದು ಬೇಸ್ ಸೇರುವ ಒಂದು ಹೊಡೆತ ಕೂಡ ಕೊಡಲಿಲ್ಲ. ಶರತ್ಕಾಲಕ್ಕೆ ರಾಷ್ಟ್ರೀಯ ಕ್ರೀಡಾಕೂಟ ಬಂತು. ಶಾಲೆಯ ತಂಡಕ್ಕೆ ಕರೆ ಬಂತು. ಓ ಆಡುವ ಹಾಗಿಲ್ಲ ಅಂದರು. ಕಾರಣ, ಆ ಕೂಟ ಜಪಾನಿನ ಪ್ರಜೆಗಳಿಗೆ ಮಾತ್ರ.

ನೋಡಿ, ಆ ವರ್ಷ ದೇಶಕ್ಕೆಲ್ಲ ಗೊತ್ತಿದ್ದ ಹೈಸ್ಕೂಲ್ ಹುಡುಗ ಅವನು. ಹುಟ್ಟಿದ್ದು ಟೋಕಿಯೋ, ಮಾತು ಜಪಾನೀ, ಅಮ್ಮ ಜಪಾನಿನವಳು. ಕೋಶಿಯೆನ್‌ನಲ್ಲಿ ಆಟಕ್ಕುಂಟು. ಇಲ್ಲಿ ಲೆಕ್ಕಕ್ಕಿಲ್ಲ. ಹದಿನೇಳು ವರ್ಷದ ಹುಡುಗನಿಗೆ ಇದನ್ನು ಯಾರು ಹೇಗೆ ಹೇಳಿದರೋ. ಆಮೇಲೂ ಅವರು ಪ್ರಜಾಹಕ್ಕು ಬದಲಾಯಿಸಲಿಲ್ಲ. ಇವತ್ತಿಗೂ ಅವರ ಪಾಸ್‌ಪೋರ್ಟ್ ತೈವಾನಿನದ್ದು.

ಒಂದು ಕಾಲಿನ ಮೇಲೆ

1959ರಲ್ಲಿ ಯೋಮಿಯುರಿ ಜಯಂಟ್ಸ್ ಸೇರಿದರು. ಪಿಚರ್ ಅಂತ ತಂದವರು ಬೇಗನೇ ಫಸ್ಟ್ ಬೇಸ್‌ಗೆ ಕಳಿಸಿದರು, ಬ್ಯಾಟಿಂಗ್ ಮಾಡು ಅಂದರು. ಮೊದಲ 26 ಸಲ ಬ್ಯಾಟ್ ಹಿಡಿದು ಬಂದಾಗ ಒಂದೂ ಹಿಟ್ ಇಲ್ಲ. 27ನೇ ಸಲ ಹೋಮ್ ರನ್. ಅದರ ನಂತರವೂ ಕಥೆ ಏನೂ ಚೆನ್ನಾಗಿರಲಿಲ್ಲ. ಆ ವರ್ಷದ ಸರಾಸರಿ .161, ಅಂದರೆ ನೂರು ಸಲಕ್ಕೆ ಹದಿನಾರು ಹಿಟ್. ಹೋಮ್ ರನ್ 7, ಸ್ಟ್ರೈಕ್ ಔಟ್ 72. ಹೊಡೆಯಬೇಕಾದ ಚೆಂಡು ತಪ್ಪಿದರೆ ಅದು ಸ್ಟ್ರೈಕ್. ಮೂರು ಸ್ಟ್ರೈಕಿಗೆ ಔಟಾಗುವುದಕ್ಕೆ ಜಪಾನೀಯಲ್ಲಿ ಸಾನ್ಶಿನ್ ಅನ್ನುತ್ತಾರೆ. ಸ್ಟ್ಯಾಂಡಿನಿಂದ ಜನ "ಓ, ಓ, ಸಾನ್ಶಿನ್ ಓ" ಅಂತ ರಾಗವಾಗಿ ಹಾಡುತ್ತಿದ್ದರು. ಔಟಾಗುವುದರಲ್ಲಿ ರಾಜ ಅಂತ. ಹೆಸರಿನಲ್ಲೇ ರಾಜನಿದ್ದರೆ ಇದೊಂದು ತಾಪತ್ರಯ.

ಅದೇ ತಂಡದಲ್ಲಿ ಶಿಗೆಓ ನಾಗಶಿಮಾ ಇದ್ದರು. ಚೆಂದದ ಮುಖ, ಟೋಪಿ ಹಾರಿಸಿಕೊಂಡು ಓಡುವ ಶೈಲಿ, ಜಪಾನಿನ ಮನೆಮಗ. 1959ರ ಜೂನ್‌ನಲ್ಲಿ ಚಕ್ರವರ್ತಿ ಮೊದಲ ಸಲ ವೃತ್ತಿಪರ ಬೇಸ್‌ಬಾಲ್ ನೋಡಲು ಬಂದ ರಾತ್ರಿ ಪಂದ್ಯವನ್ನು ಗೆಲ್ಲಿಸಿದ ಕೊನೆಯ ಹೋಮ್ ರನ್ ನಾಗಶಿಮಾ ಅವರದ್ದು. ಅದು ಎಲ್ಲರಿಗೂ ನೆನಪಿದೆ. ಅದಕ್ಕೂ ಮೊದಲು ಅದೇ ಪಂದ್ಯದಲ್ಲಿ ಸ್ಕೋರ್ ಸಮ ಮಾಡಿದ ಹೋಮ್ ರನ್ ಓ ಅವರದ್ದು. ಅದು ಬೇಸ್‌ಬಾಲ್ ಹುಚ್ಚರಿಗೆ ಮಾತ್ರ ನೆನಪಿದೆ. ಆಮೇಲೆ ಇಬ್ಬರೂ ಸೇರಿ 1965ರಿಂದ 1973ರವರೆಗೆ ಸತತ ಒಂಬತ್ತು ವರ್ಷ ಜಪಾನ್ ಸೀರೀಸ್, ಅಂದರೆ ದೇಶದ ಚಾಂಪಿಯನ್ ಪಟ್ಟ ಗೆಲ್ಲಿಸಿದರು. ಸಂಖ್ಯೆ ಓ ಅವರದ್ದು ಜಾಸ್ತಿ. ಪ್ರೀತಿ ನಾಗಶಿಮಾಗೆ ಜಾಸ್ತಿ.

ಓ ಬದಲಾದದ್ದು ಹಿರೋಶಿ ಅರಕಾವಾ ಕೈಗೆ ಸಿಕ್ಕಿದ ಮೇಲೆ. ಇಬ್ಬರ ಪರಿಚಯ ಹಳೆಯದು. 1954ರಲ್ಲಿ ಅರಕಾವಾ ಇನ್ನೂ ಆಟಗಾರರು, ನಾಯಿ ಕರೆದುಕೊಂಡು ಸುಮಿದಾ ಕಡೆ ವಾಕಿಂಗ್ ಹೋಗುತ್ತಿದ್ದಾಗ ಎಡಗೈಯಲ್ಲಿ ಎಸೆದು ಬಲಗೈ ಬ್ಯಾಟಿಂಗ್ ಮಾಡುತ್ತಿದ್ದ ಹುಡುಗನೊಬ್ಬ ಕಂಡ. ಎಡಗಡೆ ನಿಂತು ಹೊಡೆದು ನೋಡು ಅಂದರು. ಹುಡುಗ ಹೊಡೆದ, ಚೆಂಡು ದೂರ ಹೋಯಿತು. 1962ಕ್ಕೆ ಅದೇ ಅರಕಾವಾ ಜಯಂಟ್ಸ್‌ನ ಬ್ಯಾಟಿಂಗ್ ಕೋಚ್ ಆಗಿ ಬಂದರು. ಅಷ್ಟೊತ್ತಿಗೆ ಓ ಗಿನ್ಜಾದ ಬಾರುಗಳಲ್ಲಿ ರಾತ್ರಿ ಕಳೆಯುವ, ಎಲ್ಲರೂ ಹೆಚ್ಚುಕಡಿಮೆ ಕೈಬಿಟ್ಟ ಆಟಗಾರ. ಹೊಡೆಯುವ ಕ್ಷಣದಲ್ಲಿ ಕೈ ಒಂದು ಸಲ ಅನಾವಶ್ಯಕವಾಗಿ ಜಗ್ಗುತ್ತಿತ್ತು, ಕಾಲು ಮುಂದೆ ಓಡುತ್ತಿತ್ತು, ಅದರಿಂದ ಎಲ್ಲ ತಡ. ಅರಕಾವಾ ಕಂಡುಕೊಂಡ ಔಷಧ ವಿಚಿತ್ರ: ಬಲಗಾಲನ್ನು ಮಡಚಿ ಮೇಲೆತ್ತಿ ಒಂದೇ ಕಾಲಿನ ಮೇಲೆ ನಿಂತು ಕಾಯಿ. ಒಂಟಿ ಕಾಲಲ್ಲಿ ನಿಂತವನು ಕೈ ಜಗ್ಗಿದರೆ ಬಿದ್ದೇ ಹೋಗುತ್ತಾನೆ. ಅದೇ ಉದ್ದೇಶ. 1962ರ ಜುಲೈ 1ರಂದು ಕವಾಸಾಕಿಯಲ್ಲಿ ಮೊದಲ ಸಲ ಪಂದ್ಯದಲ್ಲೇ ಹಾಗೆ ನಿಂತರು. ಅದೇ ದಿನ ಹೋಮ್ ರನ್. ವರ್ಷದ ಕೊನೆಗೆ 38, ಲೀಗಿನಲ್ಲೇ ಹೆಚ್ಚು. ಅಲ್ಲಿಂದ 1974ರವರೆಗೆ ಸತತ 13 ವರ್ಷ ಹೋಮ್ ರನ್ ಪಟ್ಟ ಅವರದ್ದೇ.

ಇದನ್ನು ಓದಿದಾಗ ನನಗೆ ನಂಬಿಕೆ ಬರಲಿಲ್ಲ. ಟೋಕಿಯೋದಲ್ಲಿ ಬ್ಯಾಟಿಂಗ್ ಸೆಂಟರ್ ಅಂತ ಇರುತ್ತವೆ. ಬಲೆ ಕಟ್ಟಿದ ಪಂಜರ, ಎದುರಿಗೊಂದು ಯಂತ್ರ, ನಾಣ್ಯ ಹಾಕಿದರೆ ಇಪ್ಪತ್ತು ಚಿಲ್ಲರೆ ಚೆಂಡು ಎಸೆಯುತ್ತದೆ. ಒಂದು ಭಾನುವಾರ ಹೋಗಿ 90 ಕಿಲೋಮೀಟರಿನ ಪಂಜರ ಹಿಡಿದೆ, ಅಂದರೆ ಮಕ್ಕಳ ಪಂಜರಕ್ಕಿಂತ ಒಂದು ಮೆಟ್ಟಿಲು ಮೇಲೆ. ಮೊದಲ ಐದು ಚೆಂಡು ಕ್ರಿಕೆಟ್ಟಿನ ಅಭ್ಯಾಸದಲ್ಲಿ ಪುಟಿಯಲಿ ಅಂತ ಕಾದೆ, ಎಲ್ಲ ಎದೆಯ ಮುಂದೆ ಹಾದುಹೋದವು. ಆಮೇಲೆ ಒಂದು ಕಾಲು ಎತ್ತಿದೆ. ಎತ್ತುವುದು ಕಷ್ಟವಲ್ಲ. ಚೆಂಡು ಯಂತ್ರದಿಂದ ಬಿಟ್ಟ ಮೇಲೂ ಕಾಲು ಇಳಿಸದೆ ತಡೆದುಕೊಳ್ಳುವುದಿದೆಯಲ್ಲ, ಅದು ಕಷ್ಟ. ಎತ್ತಿದ ಕಾಲಿಗೆ ಅವಸರ. ನಿಂತ ಕಾಲಿನ ಬೆರಳುಗಳೆಲ್ಲ ಚಪ್ಪಲಿಯೊಳಗೆ ನೆಲ ಕಚ್ಚಲು ಒದ್ದಾಡುತ್ತವೆ, ಮೀನಖಂಡ ಉರಿಯುತ್ತದೆ. ಎರಡು ಸಲ ಬಲೆಗೆ ಒರಗಿದೆ. ಮೂರನೇ ಸಲ ಕೂತೇ ಬಿಟ್ಟೆ. ಪಕ್ಕದ ಪಂಜರದ ಹುಡುಗ ಆಟ ನಿಲ್ಲಿಸಿ ಗೌರವದಿಂದ ಬೇರೆ ಕಡೆ ನೋಡಿದ. ಅರಕಾವಾ ಅವರ ಮನೆಯ ಕೋಣೆಯಲ್ಲಿ ಓ ರಾತ್ರಿ ರಾತ್ರಿ ಬ್ಯಾಟ್ ಬೀಸಿ ತತಾಮಿ ಚಾಪೆ ಸವೆಯುತ್ತಿತ್ತಂತೆ. ಸೂರಿನಿಂದ ದಾರದಲ್ಲಿ ಕಾಗದದ ಚೂರು ಇಳಿಬಿಟ್ಟು ಅದನ್ನು ನಿಜವಾದ ಕತ್ತಿಯಿಂದ ಕತ್ತರಿಸುವ ಅಭ್ಯಾಸ ಬೇರೆ. ತೂಗಾಡುವ ಕಾಗದ ಬಲ ಹಾಕಿದರೆ ಕತ್ತರಿಸುವುದಿಲ್ಲ, ಗಾಳಿಗೆ ಸರಿದು ಹೋಗುತ್ತದೆ. ಅಲಗು ನೆಟ್ಟಗೆ ಬಂದರೆ ಮಾತ್ರ ತುಂಡಾಗುತ್ತದೆ. ಇದನ್ನೆಲ್ಲ ಸಮುರಾಯ್ ಝೆನ್ ಅಂತ ಬಣ್ಣ ಹಚ್ಚಿ ಹೇಳುವವರು ಬಹಳ ಇದ್ದಾರೆ. ನನಗೆ ಕಂಡದ್ದು, ಹೆಸರಿಟ್ಟು ಹೀಯಾಳಿಸಿದ ಹುಡುಗನೊಬ್ಬ ಕೋಣೆಯೊಳಗೆ ಬೆವರು ಸುರಿಸಿ ಚಾಪೆ ಹರಿದದ್ದು.

1964ರಲ್ಲಿ 55. ಆ ವರ್ಷ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಕೂಡ ಹೊಡೆದರು. ಹಿರೋಶಿಮಾ ತಂಡದವರು ಆರು ಫೀಲ್ಡರುಗಳನ್ನು ಬಲಗಡೆಗೆ ತಳ್ಳಿ ಎಡಗಡೆ ಹೆಚ್ಚುಕಡಿಮೆ ಬಯಲು ಬಿಟ್ಟರು. ಎಡಗಡೆ ಮೆಲ್ಲಗೆ ತಟ್ಟಿದರೆ ಪುಕ್ಕಟೆ ರನ್. ಓ ತಟ್ಟಲಿಲ್ಲ, ಬಲಗಡೆಯೇ ಹೊಡೆದರು. ಬೇಲಿಯ ಆಚೆ ಫೀಲ್ಡರ್ ನಿಲ್ಲುವುದಿಲ್ಲವಲ್ಲ.

ಉಳಿದದ್ದು ಪುಸ್ತಕದಲ್ಲಿ ಸಿಗುತ್ತದೆ. 1973, 1974 ಎರಡೂ ವರ್ಷ ಟ್ರಿಪಲ್ ಕ್ರೌನ್, ಅಂದರೆ ಸರಾಸರಿ, ಹೋಮ್ ರನ್, ತಂಡಕ್ಕೆ ತಂದುಕೊಟ್ಟ ರನ್ ಮೂರರಲ್ಲೂ ಲೀಗಿಗೇ ಮೊದಲು. 1974ರ ನವೆಂಬರ್‌ನಲ್ಲಿ ಅಮೆರಿಕದ ಹ್ಯಾಂಕ್ ಆರನ್ ಟೋಕಿಯೋಗೆ ಬಂದು ಓ ಜೊತೆ ಹೋಮ್ ರನ್ ಸ್ಪರ್ಧೆ ಆಡಿದರು, 10-9ಕ್ಕೆ ಆರನ್ ಗೆದ್ದರು. ಅದೇ ವರ್ಷ ಏಪ್ರಿಲ್‌ನಲ್ಲಿ ಆರನ್ ಬೇಬ್ ರೂತ್ ಅವರ ಜೀವಮಾನದ 714 ಹೋಮ್ ರನ್ನಿನ ದಾಖಲೆ ಮುರಿದಿದ್ದರು. ಕಪ್ಪು ಮನುಷ್ಯ ಬಿಳಿಯನ ದಾಖಲೆ ಮುರಿಯುತ್ತಾನೆ ಅಂತ ಅವರಿಗೆ ಬಂದ ಬೆದರಿಕೆ ಪತ್ರಗಳು ರಾಶಿ ರಾಶಿ. ದಾಖಲೆಗೆ ಕಾವಲು ನಿಲ್ಲುವುದು ಜಪಾನಿನದ್ದೇ ಕಾಯಿಲೆ ಅಲ್ಲ, ಅದನ್ನು ಹೇಳಲು ಇಷ್ಟು ಬರೆದೆ. ಆರನ್ 755ಕ್ಕೆ ನಿಂತರು. 1977ರ ಸೆಪ್ಟೆಂಬರ್ 3ಕ್ಕೆ ಓ 756 ಹೊಡೆದರು. 1980ರಲ್ಲಿ ನಿವೃತ್ತರಾದಾಗ 868. ಕೊನೆಯ ವರ್ಷವೂ 30. ಅಮೆರಿಕದವರು ಮೈದಾನ ಚಿಕ್ಕದು, ಪಿಚರುಗಳು ಸಾಧಾರಣ ಅಂತ ವಾದ ಮಾಡುತ್ತಾರೆ. ಮೈದಾನ ಚಿಕ್ಕದಿತ್ತು ನಿಜ. ಅದೇ ಚಿಕ್ಕ ಮೈದಾನದಲ್ಲಿ ಆಡಿದ ಉಳಿದವರ್ಯಾರೂ 868ರ ಹತ್ತಿರ ಬರಲಿಲ್ಲ, ಅದೂ ನಿಜ.

756 ಆದ ಮೇಲೆ ಜಪಾನ್ ಸರ್ಕಾರ ಒಂದು ಹೊಸ ಪ್ರಶಸ್ತಿ ಮಾಡಿತು, ರಾಷ್ಟ್ರೀಯ ಜನ ಗೌರವ ಪ್ರಶಸ್ತಿ ಅನ್ನಬಹುದು. ಮೊದಲನೆಯದು ಓಗೆ. ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬರಬೇಡ ಅಂದ 20 ವರ್ಷಕ್ಕೆ.

ಸಾವಿರ ಡಾಲರಿನ ಸ್ಟ್ರೈಕ್

ಇಲ್ಲಿಯವರೆಗೆ ಬರೆದದ್ದು ಚೆಂದದ ಕಥೆ. ನನ್ನನ್ನು ಕಾಡುವುದು ಇದರ ಮುಂದಿನದು.

ಬೇಸ್‌ಬಾಲ್‌ನಲ್ಲಿ ಪಿಚರ್ ನಾಲ್ಕು ಚೆಂಡು ಬ್ಯಾಟಿಗೆ ಸರಿಯಾಗಿ ಸಿಗದ ಹಾಗೆ ಹೊರಗೆ ಎಸೆದರೆ ಬ್ಯಾಟರ್ ಸುಮ್ನೆ ಫಸ್ಟ್ ಬೇಸ್‌ಗೆ ನಡೆದು ಹೋಗುತ್ತಾನೆ. ವಾಕ್ ಅನ್ನುತ್ತಾರೆ. ಹೊಡೆತದವನು ಬಂದಾಗ ಬೇಕಂತಲೇ ಹೀಗೆ ಮಾಡಬಹುದು. ತಪ್ಪೇನಲ್ಲ, ನಿಯಮದಲ್ಲೇ ಇದೆ. ಓ ಅವರಿಗೇ 2390 ವಾಕ್ ಸಿಕ್ಕಿವೆ. ಹೊಡೆಯಲು ಬಿಡದೆ ನಡೆಸಿ ಕಳಿಸುವುದು ಎಷ್ಟು ಕಿರಿಕಿರಿ ಅಂತ ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಜಪಾನಿನಲ್ಲಿ ಇರಲಿಲ್ಲ.

1985. ಹಾನ್ಶಿನ್ ಟೈಗರ್ಸ್‌ನ ಅಮೆರಿಕನ್ ಆಟಗಾರ ರಾಂಡಿ ಬ್ಯಾಸ್ 54ಕ್ಕೆ ಬಂದು ನಿಂತಿದ್ದರು. ಉಳಿದ ಎರಡು ಪಂದ್ಯ ಜಯಂಟ್ಸ್ ಮೇಲೆ. ಜಯಂಟ್ಸ್ ಮ್ಯಾನೇಜರ್, ಅಂದರೆ ತಂಡ ಆಡಿಸುವ ಮುಖ್ಯ ಕೋಚ್, ಯಾರು? ಸದಾಹರು ಓ. ಕೊನೆಯ ಪಂದ್ಯದಲ್ಲಿ ಬ್ಯಾಸ್ ಐದು ಸಲ ಬಂದರೆ ನಾಲ್ಕು ಸಲ ವಾಕ್. ಇನ್ನೊಂದು ಸಲ ಹೊರಗೆ ಹೋಗುತ್ತಿದ್ದ ಚೆಂಡಿಗೆ ಬ್ಯಾಟ್ ಚಾಚಿ ಹೇಗೋ ಒಂದು ಸಿಂಗಲ್ ತೆಗೆದರು. 54ಕ್ಕೇ ಮುಗಿಯಿತು. ನಾನು ಹಾಗೆ ಹೇಳಲಿಲ್ಲ ಅಂದರು ಓ. ಬ್ಯಾಸ್‌ಗೆ ಒಂದೊಂದು ಸ್ಟ್ರೈಕ್ ಎಸೆದರೂ ಸಾವಿರ ಡಾಲರ್ ದಂಡ ಅಂತ ಕೋಚ್ ಒಬ್ಬರು ಹೇಳಿದ್ದರು ಎಂದು ಆ ತಂಡದಲ್ಲಿದ್ದ ಅಮೆರಿಕನ್ ಪಿಚರ್ ಒಬ್ಬ ಆಮೇಲೆ ಹೇಳಿಕೊಂಡ.

ಒಂದು ಸಲವಾದರೆ ಬಿಡಬಹುದಿತ್ತು. 2001ರಲ್ಲಿ ಕಿಂತೆತ್ಸು ತಂಡದ ಟಫಿ ರೋಡ್ಸ್ 55 ಮುಟ್ಟಿದರು. ಸಮ ಆಯಿತು, ಇನ್ನೊಂದು ಬೇಕು. ಎದುರಿಗೆ ಬಂದದ್ದು ಫುಕುಓಕದ ಡೈಯೇ ಹಾಕ್ಸ್. ಅದರ ಮ್ಯಾನೇಜರ್ ಮತ್ತೆ ಓ! ಮತ್ತೆ ವಾಕ್. ವಿದೇಶಿ ಆಟಗಾರ ಓ ಅವರ ದಾಖಲೆ ಮುರಿಯುವುದು ತನಗೆ ಬೇಡವಾಗಿತ್ತು ಅಂತ ಹಾಕ್ಸ್‌ನ ಕೋಚ್ ಒಬ್ಬರು ಬಾಯಿಬಿಟ್ಟೇ ಹೇಳಿದರು. ಲೀಗಿನ ಕಮಿಷನರ್ ಇದು ಆಟವೇ ಅಲ್ಲ ಅನ್ನುವ ಅರ್ಥದಲ್ಲಿ ಬೈದರು. 2002ರಲ್ಲಿ ಸೆಯಿಬು ತಂಡದ ವೆನೆಜುವೆಲಾದ ಆಟಗಾರ ಅಲೆಕ್ಸ್ ಕಬ್ರೇರಾ, ಅವರದ್ದೂ 55, ಅದೇ ಹಾಕ್ಸ್, ಅದೇ ಕಥೆ. ಆ ಸಲ ಓ ತಮ್ಮ ಪಿಚರುಗಳಿಗೆ ಸ್ಟ್ರೈಕ್ ಎಸೆಯಿರಿ ಅಂತ ಹೇಳಿದ್ದರು, ಅವರೇ ಕೇಳಲಿಲ್ಲ ಅನ್ನುತ್ತಾರೆ.

ನಮ್ಮ ಹಿರಿಯರು ಇದನ್ನು ಭಕ್ತಿ ಅನ್ನುತ್ತಾರೆ. "ಹುಡುಗರಿಗೆ ಓ ಸಾನ್ ಮೇಲೆ ಅಷ್ಟು ಗೌರವ, ಏನು ಮಾಡುವುದು?" ಹೌದು, ಗೌರವವೇ. ನಾನು ಓ ಅವರನ್ನು ಮೋಸಗಾರ ಅನ್ನುತ್ತಿಲ್ಲ. ಆದರೆ ಹೋಟೆಲಿನ ಮಗನಾಗಿ ಒಂದು ಮಾತು ಹೇಳುತ್ತೇನೆ. ಅಡುಗೆಮನೆಯಲ್ಲಿ ಹುಡುಗರು ಗಿರಾಕಿಗೆ ಏನು ಮಾಡುತ್ತಾರೆ ಅನ್ನುವುದು ಗಲ್ಲಾದಲ್ಲಿ ಕೂತವನಿಗೆ ಗೊತ್ತಿಲ್ಲದೆ ಇರುವುದಿಲ್ಲ. ಗೊತ್ತಾದ ಮೇಲೆ ಅವನು ಸುಮ್ಮನೆ ನೋಟು ಎಣಿಸುತ್ತಾ ಕೂತರೆ ಅದೂ ಒಂದು ಆರ್ಡರೇ. 1985ರಲ್ಲಿ ಓ ಎದ್ದು ಪಿಚರ್ ಹತ್ತಿರ ನಡೆದು ಹೋಗಿ ಕಣ್ಣಲ್ಲಿ ಕಣ್ಣಿಟ್ಟು 'ಎಸಿ' ಅನ್ನಬಹುದಿತ್ತು. ಮ್ಯಾನೇಜರ್ ಮಾತು ಮೀರುವ ಧೈರ್ಯ ಯಾರಿಗೆ ಇರುತ್ತಿತ್ತು? ಅನ್ನಲಿಲ್ಲ. ಕ್ರೀಡಾಕೂಟದ ಬಾಗಿಲಲ್ಲಿ ನಿಲ್ಲಿಸಿಕೊಂಡ ಹುಡುಗ ಅವರೇ ಅಲ್ಲವೇ, ಅದಕ್ಕೇ ನನಗೆ ಇದು ಹೆಚ್ಚು ಚುಚ್ಚುತ್ತದೆ.

ಇನ್ನೊಂದು ಕಡೆಯಿಂದ ನೋಡಿದರೆ, ಅವರಿಗೂ ಅದು ಸುಲಭ ಇರಲಿಲ್ಲವೇನೋ. ಅಷ್ಟು ವರ್ಷ ನಾಗಶಿಮಾ ಪಕ್ಕದಲ್ಲಿ ಎರಡನೆಯವರಾಗಿ ನಿಂತವರು. 1988ರಲ್ಲಿ ಜಯಂಟ್ಸ್ ಮ್ಯಾನೇಜರ್ ಕೆಲಸ ಹೋಯಿತು. ಫುಕುಓಕಕ್ಕೆ ಹೋದರೆ 1996ರಲ್ಲಿ ಸ್ವಂತ ತಂಡದ ಅಭಿಮಾನಿಗಳೇ ಬಸ್ಸಿಗೆ ಮೊಟ್ಟೆ ಎಸೆದರು. ಇಂಥವರನ್ನು ಕೊನೆಗೂ ದೇಶ ತನ್ನವನು ಅಂತ ಅಪ್ಪಿಕೊಂಡದ್ದು ವಿದೇಶಿಯೊಬ್ಬ ಅವರ ದಾಖಲೆ ಮುಟ್ಟಲು ಬಂದಾಗ! ಬ್ಯಾಸ್‌ಗೆ ಎಸೆದ ಒಂದೊಂದು ಹೊರಗಿನ ಚೆಂಡೂ ಓ ಅವರಿಗೆ 'ನೀನು ಒಳಗಿನವನು' ಅಂತ ಕೊಟ್ಟ ಸರ್ಟಿಫಿಕೇಟು. ಅಂಥ ಸರ್ಟಿಫಿಕೇಟನ್ನು ಬೇಡ ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಸ್ವಲ್ಪ ಗೊತ್ತು. ಹನ್ನೆರಡನೇ ವರ್ಷಕ್ಕೆ ನನ್ನ ರನ್ ಲೆಕ್ಕಕ್ಕೆ ಬಂತು. ಅದೇ ರಜೆಯಲ್ಲಿ ಬೆಂಗಳೂರಿನಿಂದ ಬಂದ ಹುಡುಗನೊಬ್ಬನಿಗೆ ನಿನ್ನದು ಲೆಕ್ಕಕ್ಕಿಲ್ಲ ಅಂತ ಎಲ್ಲರಿಗಿಂತ ಜೋರಾಗಿ ಹೇಳಿದವನು ನಾನೇ.

2006ರಲ್ಲಿ ಮೊದಲ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್. ಜಪಾನ್ ಅಂತ ಎದೆ ಮೇಲೆ ಬರೆದ ಅಂಗಿ ಹಾಕಿ ಆ ದೇಶದ ತಂಡವನ್ನು ನಡೆಸಿದ್ದು ಓ. ಸಾನ್ ಡಿಯೇಗೋದಲ್ಲಿ ಕ್ಯೂಬಾವನ್ನು 10-6ಕ್ಕೆ ಸೋಲಿಸಿ ವಿಶ್ವ ಚಾಂಪಿಯನ್. ಜೇಬಿನಲ್ಲಿ ಅದೇ ತೈವಾನ್ ಪಾಸ್‌ಪೋರ್ಟು. ಅದೇ ವರ್ಷ ಹೊಟ್ಟೆಯ ಕ್ಯಾನ್ಸರಿಗೆ ಆಪರೇಷನ್ ಆಯಿತು, ವಾಪಸ್ ಬಂದು ಮತ್ತೆ ಡಗ್‌ಔಟಿನಲ್ಲಿ ಕೂತರು.

ಬ್ಯಾಲೆಂಟೀನ್ 2013ರ ಸೆಪ್ಟೆಂಬರ್ 15ರಂದು ಜಿಂಗುನಲ್ಲೇ 56 ಮತ್ತು 57 ಎರಡನ್ನೂ ಹೊಡೆದರು. ಆ ಹೊತ್ತಿಗೆ ಓ ಮ್ಯಾನೇಜರ್ ಕೆಲಸ ಬಿಟ್ಟು ಐದು ವರ್ಷ ಆಗಿತ್ತು. ಅಡ್ಡ ನಿಲ್ಲಲು ಯಾರೂ ಬರಲಿಲ್ಲ, ಅಥವಾ ಬಂದರೂ ಸಾಲಲಿಲ್ಲ. ತಮಾಷೆ ಇರುವುದು ಆಮೇಲೆ. ಜಪಾನಿನ ಲೀಗಿನಲ್ಲಿ ವಿದೇಶಿ ಆಟಗಾರರ ಸಂಖ್ಯೆಗೆ ಮಿತಿ ಇದೆ. ಆದರೆ ಅಲ್ಲೇ ಸಾಕಷ್ಟು ವರ್ಷ ಆಡಿ ಫ್ರೀ ಏಜೆಂಟ್ ಹಕ್ಕು, ಅಂದರೆ ತಮಗೆ ಬೇಕಾದ ತಂಡಕ್ಕೆ ಹೋಗುವ ಹಕ್ಕು ಪಡೆದವರನ್ನು ಆ ಮಿತಿಯಲ್ಲಿ ಎಣಿಸುವುದಿಲ್ಲ, ಜಪಾನಿನ ಆಟಗಾರರ ಲೆಕ್ಕಕ್ಕೇ ಹಾಕುತ್ತಾರೆ. 2020ರಲ್ಲಿ ಹಾಗೆ 'ಜಪಾನಿನವರಾದ' ಬ್ಯಾಲೆಂಟೀನ್ ಸೇರಿದ್ದು ಯಾವ ತಂಡ? ಫುಕುಓಕದ ಸಾಫ್ಟ್‌ಬ್ಯಾಂಕ್ ಹಾಕ್ಸ್. ಓ ಚೇರ್ಮನ್ ಆಗಿರುವ ತಂಡ. ತಂಡದ ಪಟ್ಟಿಯಲ್ಲಿ ಒಳಗೆ, 2022ರ ಪತ್ರಿಕೆಯಲ್ಲಿ ಹೊರಗೆ. ಇದನ್ನು ನಮ್ಮ ಹಿರಿಯರಿಗೆ ಹೇಳಿದಾಗ ಅವರು ಬಹಳ ಹೊತ್ತು ಯೋಚನೆ ಮಾಡಿ, "ಸಂಕೀರ್ಣ" ಅಂದರು. ಜಪಾನೀಯರು ಸಂಕೀರ್ಣ ಅಂದರೆ ಆ ಮಾತು ಅಲ್ಲಿಗೆ ಮುಗಿಯಿತು ಅಂತ ಅರ್ಥ.

ಅಪ್ಪಯ್ಯನ ಪ್ರಶ್ನೆ

ಕಳೆದ ಸಲ ಊರಿಗೆ ಹೋದಾಗ ಅಪ್ಪಯ್ಯನಿಗೆ ಇದೆಲ್ಲ ಹೇಳಿದೆ. ಕೊನೆಗೂ ಅವರು ಹೋಟೆಲ್ ಬಿಟ್ಟು ಊರು ಸೇರಿ ಆರು ವರ್ಷ ಆಯಿತು. ಊರಿನಲ್ಲಿ ಈಗಲೂ ಅವರು 'ಬೊಂಬಾಯಿ ಹೋಟ್ಲಿನವ್ರು'. ಜಗಲಿಯಲ್ಲಿ ಅಡಿಕೆ ಕೆರೆಯುತ್ತಾ ಕೂತಿದ್ದರು. 868 ಅವರಿಗೆ ಏನೂ ಅನ್ನಿಸಲಿಲ್ಲ. ಒಂದು ಕಾಲಿನ ನಿಲುವಿಗೆ ನಕ್ಕರು. ಬ್ಯಾಸ್ ಕಥೆಗೆ "ಅದ್ ಸಮ ಅಲ್ಲ" ಅಂದರು.

ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದೆ. 756 ಹೊಡೆದ ರಾತ್ರಿಯದು. ಓ ಅಪ್ಪ ಅಮ್ಮನನ್ನು ಮೈದಾನದೊಳಗೆ ಕರೆಸಿ, ತನಗೆ ಕೊಟ್ಟ ಫಲಕವನ್ನು ಅವರ ಕೈಗೆ ಕೊಟ್ಟಿದ್ದರು. ಇಬ್ಬರೂ ವಯಸ್ಸಾದವರು, ಅಷ್ಟು ದೀಪದ ಬೆಳಕಲ್ಲಿ ಸ್ವಲ್ಪ ಗಾಬರಿಯಾದ ಹಾಗೆ ನಿಂತಿದ್ದಾರೆ. ಅಪ್ಪಯ್ಯ ಕನ್ನಡಕ ಹಣೆಗೇರಿಸಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇದ್ ಯಾವ ವಾರ?"

ಲೆಕ್ಕ ಹಾಕಿ ಹೇಳಿದೆ, ಶನಿವಾರ.

"ಶನಿವಾರ ರಾತ್ರಿ ಗಂಡ ಹೆಂಡ್ತಿ ಇಬ್ರೂ ಹೋಟ್ಲ್ ಬಿಟ್ ಬಂದಿರಾ?" ಫೋನು ವಾಪಸ್ ಕೊಟ್ಟರು, ಅಡಿಕೆ ಕತ್ತರಿ ಎತ್ತಿಕೊಂಡರು. "ಹಂಗಾರೆ ಅಡುಗೆಯವ ಒಳ್ಳೆಯವ್ನೇ ಇರ್ಕ್."